ಕೆತ್ತನೆಯ ಬೀಟೆಯೋ, ಬೆತ್ತದ ಒರಗು ಕುರ್ಚಿಯೋ, ಬಣ್ಣದ ಪೆಟ್ಟಿಗೆಯೋ: ಹಳೆಯ ಆಂಗ್ಲೋ-ಇಂಡಿಯನ್ ಪೀಠೋಪಕರಣ ಕೊಳ್ಳುವವರಿಗೆ

ಈಚಿನ ತಿಂಗಳುಗಳಲ್ಲಿ ನನಗೆ ಬಂದ ಪತ್ರಗಳಲ್ಲಿ ಹಲವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿವೆ. ಮನೆಗೆ ಬ್ರಿಟಿಷರ ಕಾಲದ ಒಂದು ಹಳೆಯ ಸಾಮಾನು ತರಬೇಕೆಂಬ ಆಸೆಯಿದೆ, ಕೈಯಲ್ಲಿರುವ ಹಣಕ್ಕೆ ಒಂದೇ ಬರುತ್ತದೆ. ಹಾಗಿರುವಾಗ ಮೈತುಂಬ ಕೆತ್ತನೆಯಿರುವ ಬೀಟೆಯ ಸೋಫಾ ಕೊಳ್ಳುವುದೇ, ಕಾಫಿ ತೋಟದ ಬಂಗಲೆಯಿಂದ ಬಂದದ್ದೆನ್ನುವ ಒರಗು ಕುರ್ಚಿಗಳ ಜೋಡಿ ಕೊಳ್ಳುವುದೇ, ಅಥವಾ ಬಣ್ಣದ ಚಿತ್ತಾರವಿರುವ ಪೆಟ್ಟಿಗೆಯನ್ನು ತರುವುದೇ? ಮೂರನ್ನೂ ಅಂಗಡಿಯವರು ‘ಆಂಗ್ಲೋ-ಇಂಡಿಯನ್ ಆಂಟಿಕ್’ ಎಂಬ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಆದರೆ ಮೂರರ ಹುಟ್ಟು ಬೇರೆ, ಸ್ವಭಾವ ಬೇರೆ, ಕಾನೂನಿನ ಕಣ್ಣಿನಲ್ಲಿ ಅವುಗಳ ಸ್ಥಾನವೂ ಬೇರೆ.

ಈ ವ್ಯಾಪಾರದಲ್ಲಿ ಆಂಗ್ಲೋ-ಇಂಡಿಯನ್ ಎಂದರೆ ಯುರೋಪಿನ ನಮೂನೆಯನ್ನು ಎದುರಿಗಿಟ್ಟುಕೊಂಡು ಭಾರತದ ಬಡಗಿ ಭಾರತದ ಮರದಲ್ಲಿ ಮಾಡಿದ ಸಾಮಾನು ಎಂದಷ್ಟೇ ಅರ್ಥ. ನೆಲದ ಮೇಲೆ ಚಾಪೆ ಹಾಸಿ ಕೂರುತ್ತಿದ್ದ ನಾಡಿಗೆ ಮೇಜು, ಕುರ್ಚಿ, ಖಾನೆಗಳ ಬೀರು ಬಂದದ್ದು ಪೋರ್ಚುಗೀಸ್, ಡಚ್ಚ್ ಮತ್ತು ಇಂಗ್ಲಿಷ್ ವರ್ತಕರ ಮೂಲಕ. ನಮೂನೆ ಅವರದಾದರೂ ಕೈ ನಮ್ಮದಾಗಿದ್ದರಿಂದ, ಇಂಗ್ಲೆಂಡಿನ ಕುರ್ಚಿಯ ಕಾಲಿನಲ್ಲಿ ಇಲ್ಲಿನ ಬಳ್ಳಿ ಹಬ್ಬಿತು, ದಪ್ಪ ಮೆತ್ತೆಯ ಜಾಗಕ್ಕೆ ಸೆಕೆಗೂ ಹುಳುವಿಗೂ ಜಗ್ಗದ ಬೆತ್ತದ ನೇಯ್ಗೆ ಬಂತು.

ಅಳೆಯುವ ಮೊದಲು ಅಳತೆಗೋಲು

ಅಂಗಡಿಗೆ ಕಾಲಿಡುವ ಮುನ್ನ ಐದು ಸಂಗತಿಗಳನ್ನು ಮನಸ್ಸಿನಲ್ಲಿ ತೀರ್ಮಾನಿಸಿಕೊಂಡಿರಬೇಕು. ಅದನ್ನು ಬಳಸುತ್ತೀರೋ ಬರಿದೇ ನೋಡುತ್ತೀರೋ ಎಂಬುದು ಮೊದಲನೆಯದು. ಈ ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಂಡರೆ ಅರ್ಧ ಆಯ್ಕೆ ಮುಗಿದಂತೆಯೇ. ಎರಡನೆಯದು ಅದರ ಅಸಲಿತನ, ಅಂದರೆ ಹೇಳಿದ ಕಾಲದ್ದೇ, ಹೇಳಿದ ಮರದ್ದೇ, ಕಾಲು ಒಂದರದು ತಲೆ ಇನ್ನೊಂದರದು ಆಗಿಲ್ಲವೇ ಎಂಬುದು. ಮೂರನೆಯದು ಮೈಕಟ್ಟು: ಜೋಡಣೆ ಗಟ್ಟಿಯಿದೆಯೇ, ಹುಳು ಬಿದ್ದಿದೆಯೇ, ಹಿಂದೆ ಆದ ದುರಸ್ತಿ ಹೇಗಿದೆ ಎಂಬ ವಿಚಾರ. ನಾಲ್ಕನೆಯದು ಕಾನೂನು. ಐದನೆಯದು ನಿಮ್ಮ ಮನೆ. ಅದರ ಬಾಗಿಲಿನ ಅಗಲ, ಲಿಫ್ಟಿನ ಆಳ, ಊರಿನ ಹವೆ, ದೂಳು ಒರೆಸಲು ಸಿಗುವ ಕೈಗಳು.

ಹಣವನ್ನು ಆರನೆಯ ಸಂಗತಿಯಾಗಿ ಬೇರೆ ಬರೆಯದಿರಲು ಕಾರಣವಿದೆ. ಬೆಲೆ ಎನ್ನುವುದು ಅಂಗಡಿಯವರು ಹೇಳುವ ಅಂಕಿಗಷ್ಟೇ ನಿಲ್ಲುವುದಿಲ್ಲ. ಸಾಗಣೆ, ಜೋಡಣೆ ಬಿಗಿಮಾಡುವ ಕೂಲಿ, ಬೆತ್ತ, ಪಾಲಿಶ್ ಎಲ್ಲ ಅದರ ಮೇಲೆ ಕೂರುತ್ತವೆ. ಹತ್ತು ರೂಪಾಯಿ ಇದ್ದರೆ ಏಳಕ್ಕೆ ಸಾಮಾನು ಕೊಂಡು ಮೂರನ್ನು ದುರಸ್ತಿಗೂ ಸಾಗಣೆಗೂ ಎತ್ತಿಡಿ ಎಂಬುದು ನನ್ನ ರೂಢಿಯ ಮಾತು. ಹತ್ತಕ್ಕೆ ಹತ್ತೂ ಸುರಿದು ತಂದ ಕುರ್ಚಿಗಳು ಕಾಲಾಡಿಸುತ್ತ ವರ್ಷಗಟ್ಟಲೆ ಮೂಲೆಯಲ್ಲಿ ಕೂತಿರುವುದನ್ನು ಕಂಡಿದ್ದೇನೆ.

ಅಸಲಿತನದ ವಿಷಯದಲ್ಲಿ ಅಂಗಡಿಯವರ ಕಥೆಗಿಂತ ಸಾಮಾನಿನ ತಳವನ್ನು ನಂಬುವುದು ಒಳ್ಳೆಯದು. ಖಾನೆಗಳಿರುವ ಬೀರು ಎದುರಿಗಿದ್ದರೆ ಒಂದು ಖಾನೆಯನ್ನು ಪೂರ್ತಿ ಹೊರಗೆಳೆದು, ಬೋರಲು ಹಾಕಿ, ಕಿಟಕಿಯ ಹತ್ತಿರ ಹಿಡಿದು ನೋಡಿ. ನೂರು ವರ್ಷ ಗಾಳಿಯಾಡಿದ ತೇಗದ ಹಲಗೆ ಪಾಲಿಶ್ ಕಾಣದ ಜಾಗದಲ್ಲಿ ಒಣಗಿದ ತಂಬಾಕಿನ ಬಣ್ಣಕ್ಕೆ ತಿರುಗಿರುತ್ತದೆ. ಅದರ ಮೇಲೆ ಬೆರಳು ಆಡಿಸಿದರೆ ಕೀಸುಳಿ ಹೋದ ಸಣ್ಣ ಅಲೆಗಳು ತಾಕುತ್ತವೆ. ಕಮಾನಿನಾಕಾರದ ಗರಗಸದ ಗೆರೆಗಳು ಕಂಡರೆ ಅದು ಯಂತ್ರದ ಚಕ್ರಗರಗಸದ ಕೆಲಸ. ಮೂಲೆಯ ಡವ್‌ಟೇಲ್ ಕಚ್ಚುಗಳನ್ನು, ಅಂದರೆ ಎರಡು ಹಲಗೆಗಳನ್ನು ಕೂಡಿಸುವ ಪಾರಿವಾಳದ ಬಾಲದಾಕಾರದ ಹಲ್ಲುಗಳನ್ನು ಎಣಿಸಿ. ಕೈಯಲ್ಲಿ ಕಡಿದವು ಒಂದರ ಹಾಗೆ ಒಂದಿರುವುದಿಲ್ಲ, ಬಡಗಿ ಉಳಿ ಇಡುವ ಮುಂಚೆ ಗೀರಿಕೊಂಡ ಗುರುತು ಇನ್ನೂ ಉಳಿದಿರುತ್ತದೆ. ಒಂದು ತಿರುಪುಮೊಳೆಯನ್ನು ಬಿಚ್ಚಲು ಬಿಟ್ಟರೆ ಇನ್ನೂ ಒಳ್ಳೆಯದು. 1840ರ ದಶಕಕ್ಕೆ ಹಿಂದಿನ ತಿರುಪುಗಳ ತುದಿ ಮೊಂಡು, ತಲೆಯ ಸೀಳು ನಡುವಿನಿಂದ ತುಸು ಪಕ್ಕಕ್ಕೆ ಸರಿದಿರುವುದೂ ಉಂಟು. ಕೂಡಿಸುವ ಚಿಹ್ನೆಯಂತೆ ಸೀಳಿರುವ ತಿರುಪು 1930ರ ದಶಕಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಅದು ಆಮೇಲಿನ ದುರಸ್ತಿಯದೂ ಆಗಿರಬಹುದಾದ್ದರಿಂದ ಕಂಡ ಕೂಡಲೇ ಸಾಮಾನನ್ನು ತಳ್ಳಿಹಾಕಬೇಡಿ, ಯಾಕೆ ಬಂತೆಂದು ಕೇಳಿ. ದುಂಡು ಮೇಜಾದರೆ ಟೇಪು ಹಿಡಿಯಿರಿ. ಮರ ತನ್ನ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದಿಲ್ಲವೆಂದೇ ಹೇಳಬಹುದು. ಹಾಗಾಗಿ ಘನ ಹಲಗೆಯ ಹಳೆಯ ದುಂಡು ಮೇಜು ಕಣ್ಣಿಗೆ ದುಂಡಾಗಿ ಕಂಡರೂ ಅಳತೆಯಲ್ಲಿ ತುಸು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ.

ಮರವನ್ನು ಗುರುತಿಸುವಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ‘ಬೀಟೆ’ಯ ಕೈಕುರ್ಚಿಯೊಂದನ್ನು ಕೊಂಡು ಮನೆಗೆ ತಂದ ಎರಡನೆಯ ವಾರ, ಮಳೆಯಲ್ಲಿ ನೆನೆದ ಕೊಡೆಯನ್ನು ಯಾರೋ ಅದರ ತೋಳಿಗೆ ಒರಗಿಸಿದರು. ಬೆಳಗ್ಗೆ ನೋಡಿದರೆ ನೀರು ಇಳಿದ ದಾರಿಯುದ್ದಕ್ಕೂ ಕಪ್ಪು ಬಣ್ಣ ತೊಳೆದುಹೋಗಿ ಹಳದಿ ಹಲಸು ಇಣುಕುತ್ತಿತ್ತು. ಹಲಸು ಕೆಟ್ಟ ಮರವಲ್ಲ, ನಮ್ಮ ವೀಣೆಗಳು ಆಗುವುದೇ ಅದರಿಂದ. ಆದರೆ ನಾನು ಕೊಟ್ಟದ್ದು ಬೀಟೆಯ ಬೆಲೆ. ಆ ಕುರ್ಚಿಯನ್ನು ಒಂದು ಕೈಯಲ್ಲಿ ಎತ್ತಿ ನೋಡಿದ್ದರೂ ಸಾಕಿತ್ತು. ಬೀಟೆ ಘನ ಮೀಟರಿಗೆ ಸುಮಾರು 800ರಿಂದ 850 ಕಿಲೋ ತೂಗಿದರೆ ತೇಗ 600ರಿಂದ 700ರ ಆಸುಪಾಸಿನಲ್ಲಿರುತ್ತದೆ. ಹಲಸು ಅದಕ್ಕಿಂತಲೂ ಹಗುರ. ಸಂದೇಹವಿದ್ದಲ್ಲಿ ಮಾಲೀಕರ ಒಪ್ಪಿಗೆ ಕೇಳಿ ಕಾಲಿನ ತಳವನ್ನು ಬ್ಲೇಡಿನಿಂದ ತುಸು ಕೆರೆಯಿರಿ. ಬೀಟೆ ಒಳಗೂ ನೇರಳೆ ಮಿಶ್ರಿತ ಕಂದೇ, ಹೊಸದಾಗಿ ಕೆರೆದಾಗ ನಸುವಾದ ಸಿಹಿ ಪರಿಮಳವೂ ಬರುತ್ತದೆ.

ಮುಂಬಯಿಯ ಕೆತ್ತನೆ

ವ್ಯಾಪಾರದಲ್ಲಿ ‘ಬಾಂಬೆ ಬ್ಲ್ಯಾಕ್‌ವುಡ್’ ಎಂದು ಕರೆಯುವ ಸಾಮಾನು 19ನೆಯ ಶತಮಾನದ ನಡುವಿನಲ್ಲಿ ಮುಂಬಯಿಯ ಕೋಟೆ ಪ್ರದೇಶದ ಮೆಡೋಸ್ ಸ್ಟ್ರೀಟಿನ ಸುತ್ತಮುತ್ತ ಬೆಳೆದ ಕೆಲಸ. ಮರ ಮಲಬಾರಿನ ಕಡೆಯ ಬೀಟೆ, ಕೊಳ್ಳುವವರು ಯುರೋಪಿಯನ್ನರೂ ಸ್ಥಿತಿವಂತ ಪಾರ್ಸಿಗಳೂ, ನಮೂನೆ ಆ ಕಾಲದ ಇಂಗ್ಲೆಂಡು ಮೋಹಿಸುತ್ತಿದ್ದ ಫ್ರೆಂಚ್ ಶೈಲಿಯದು. ಬೆನ್ನು, ತೋಳು, ಕಾಲು, ಮೇಜಿನ ಅಂಚು ಎಲ್ಲೆಲ್ಲೂ ಎಲೆ, ದ್ರಾಕ್ಷಿ, ಹಕ್ಕಿ, ಹಾವು. ಅದೂ ಬರಿಯ ಉಬ್ಬುಗೆತ್ತನೆಯಲ್ಲ, ಆರಪಾರ ತೂತಾಗಿ ಜಾಲರಿಯಂತೆ ನಿಂತ ಕೆತ್ತನೆ.

ನೋಡುವುದಕ್ಕೆ ಇದಕ್ಕೆ ಸಾಟಿಯಿಲ್ಲ. ಎತ್ತರದ ಮಾಡಿನ ಹಜಾರದಲ್ಲಿ ಒಂದೇ ಒಂದು ಬ್ಲ್ಯಾಕ್‌ವುಡ್ ದುಂಡು ಮೇಜನ್ನಿಟ್ಟರೆ ಬೇರೇನೂ ಬೇಡ. ಕೂರುವುದಕ್ಕೆ ಮಾತ್ರ ಅದು ಅಷ್ಟೊಂದು ಒಳ್ಳೆಯ ಸಂಗಾತಿಯಲ್ಲ: ದ್ರಾಕ್ಷಿಯ ಗೊಂಚಲು ಬೆನ್ನಿಗೆ ಚುಚ್ಚುತ್ತದೆ, ಸೀರೆಯ ಸೆರಗು ಹಕ್ಕಿಯ ಕೊಕ್ಕಿಗೆ ಸಿಕ್ಕಿಕೊಳ್ಳುತ್ತದೆ. ದೂಳಿನ ಊರಿನಲ್ಲಿ ಆ ಜಾಲರಿಯನ್ನು ಚಿತ್ರ ಬರೆಯುವ ಮೃದು ಕುಂಚದಿಂದ ವಾರಕ್ಕೊಮ್ಮೆಯಾದರೂ ಸ್ವಚ್ಛ ಮಾಡದಿದ್ದರೆ, ದೂಳು ಪಾಲಿಶಿನ ಜಿಡ್ಡಿಗೆ ಅಂಟಿ ಕೆತ್ತನೆಯೆಲ್ಲ ಬೂದು ಬಳಿದಂತಾಗುತ್ತದೆ. ಆರಡಿ ಉದ್ದದ, ಬಿಚ್ಚಲು ಬಾರದ ಸೋಫಾ ಎಷ್ಟೋ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ತಿರುಗುವುದೇ ಇಲ್ಲ. ಮೆಟ್ಟಿಲಿನಲ್ಲಿ ನಾಲ್ವರು ಹೊತ್ತು ತರುವಾಗ ಗೋಡೆಗೆ ತಾಕಿ ಮುರಿಯುವುದು ತೆಳ್ಳಗಿನ ಕೆತ್ತನೆಯೇ.

ಕೊಳ್ಳುವಾಗ ನೋಡಬೇಕಾದದ್ದು ಮುರಿದ ಚೂರುಗಳನ್ನು. ನೂರೈವತ್ತು ವರ್ಷದ ಜಾಲರಿ ಕೆತ್ತನೆಯಲ್ಲಿ ಒಂದೆರಡು ಎಲೆ ಮುಕ್ಕಾಗಿರುವುದು ಸಹಜ, ಅದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಒಂದೂ ಮುಕ್ಕಿಲ್ಲದಿದ್ದರೆ ಅನುಮಾನ ಪಡುತ್ತೇನೆ. ಹೊಸ ಮರದ ತುಂಡು ಅಂಟಿಸಿ ಕೆತ್ತಿದ ಜಾಗದಲ್ಲಿ ಎಳೆಯ ದಿಕ್ಕು ತಪ್ಪಿರುತ್ತದೆ, ಕಪ್ಪು ಬಣ್ಣ ತುಸು ಹೆಚ್ಚಾಗಿಯೇ ಕುಡಿದಿರುತ್ತದೆ. ಹಳೆಯ ಜೋಡಣೆಗಳನ್ನು ಅಂಟಿಸಿದ್ದು ಮರವಜ್ರದಿಂದ, ಅಂದರೆ ಚರ್ಮ ಮೂಳೆ ಬೇಯಿಸಿ ಮಾಡಿದ ಅಂಟಿನಿಂದ. ಬಿಸಿ ಮತ್ತು ತೇವ ತಾಕಿಸಿದರೆ ಅದು ಸಡಿಲವಾಗುವುದರಿಂದ ಬಿಚ್ಚಿ ಮತ್ತೆ ಕೂಡಿಸಬಹುದು. ಇಂದಿನ ಬಿಳಿ ಅಂಟನ್ನು ಅಥವಾ ಎಪಾಕ್ಸಿಯನ್ನು ಹಾಕಿ ಒಮ್ಮೆ ಕೂಡಿಸಿಬಿಟ್ಟರೆ, ಮುಂದಿನ ಬಡಗಿ ಆ ಕೂಡುವನ್ನು ಬಿಡಿಸಲು ಮರವನ್ನೇ ಸೀಳಬೇಕಾಗುತ್ತದೆ.

ಇದೇ ಕೆತ್ತನೆಯ ಗುಂಪಿನಲ್ಲಿ ಅಹಮದಾಬಾದಿನ ಕೆಲಸವೂ ಬರುತ್ತದೆ. ಅಮೆರಿಕದ ಕಲಾವಿದ ಲಾಕ್‌ವುಡ್ ಡಿ ಫಾರೆಸ್ಟ್, ಅಲ್ಲಿನ ವರ್ತಕ ಮನೆತನದ ಮಗನ್‌ಭಾಯಿ ಹಠೀಸಿಂಗ್ ಅವರ ಜೊತೆಗೂಡಿ 1881ರಲ್ಲಿ ಅಲ್ಲಿ ಮರಗೆತ್ತನೆಯ ಕಾರ್ಖಾನೆ ತೆರೆದರು. ಅಲ್ಲಿನ ತೇಗದ ಕೆಲಸ ಗುಜರಾತಿನ ಹವೇಲಿಗಳ ಕೆತ್ತನೆಗೆ ಹೆಚ್ಚು ಹತ್ತಿರ, ಬ್ಲ್ಯಾಕ್‌ವುಡ್ಡಿನ ಅಬ್ಬರ ಅದರಲ್ಲಿಲ್ಲ. ಆದರೆ ಅದರ ಬಹುಪಾಲು ಮಾಡುತ್ತಿದ್ದಂತೆಯೇ ಅಮೆರಿಕಕ್ಕೆ ಹೋಯಿತು. ಇಲ್ಲಿನ ಅಂಗಡಿಯಲ್ಲಿ ಅದೇ ಹೆಸರು ಹೇಳಿ ತೋರಿಸಿದರೆ ಕಾಗದಪತ್ರ ಕೇಳಿ.

ಎಸ್ಟೇಟಿನ ಕುರ್ಚಿ, ದಂಡಿನ ಪೆಟ್ಟಿಗೆ

ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಹಳೆಯ ಬಂಗಲೆಗಳ ಜಗಲಿಯಲ್ಲಿ ಕಾಣುವ ಉದ್ದ ತೋಳಿನ ಒರಗು ಕುರ್ಚಿಯನ್ನು ಪ್ಲಾಂಟರ್ಸ್ ಚೇರ್ ಎನ್ನುತ್ತಾರೆ. ತೋಟ ಸುತ್ತಿ ಬಂದವರು ತೋಳಿನ ಕೆಳಗಿಂದ ಇನ್ನೊಂದು ಹಲಗೆಯನ್ನು ಮುಂದಕ್ಕೆ ತಿರುಗಿಸಿ, ಅದರ ಮೇಲೆ ಎರಡು ಕಾಲನ್ನೂ ಚಾಚಿ ಒರಗುವುದಕ್ಕಾಗಿ ಆದ ಸಾಧನ ಅದು. ಕೆತ್ತನೆ ಇದ್ದರೆ ತೋಳಿನ ತುದಿಯ ಒಂದು ಸುರುಳಿ, ಬೆನ್ನಿನ ಮೇಲುಪಟ್ಟಿಯಲ್ಲಿ ಒಂದು ಹೂ, ಅಷ್ಟೇ. ಮರ ಸಾಮಾನ್ಯವಾಗಿ ತೇಗ, ಅದೃಷ್ಟವಿದ್ದರೆ ಬೀಟೆ.

ಬಳಕೆಯ ಅಳತೆಗೋಲಿನಲ್ಲಿ ಎಲ್ಲದಕ್ಕಿಂತ ಮುಂದೆ ಇರುವುದು ಇದು. ನನ್ನ ಒಲವು ಎಲ್ಲಿದೆಯೆಂಬುದನ್ನು ಮುಚ್ಚಿಡುವುದಿಲ್ಲ. ಬೆತ್ತ ಹರಿದರೆ ಹೊಸದಾಗಿ ಹೆಣೆಸಬಹುದು, ಕೂಡು ಸಡಿಲವಾದರೆ ಬಿಗಿಮಾಡಬಹುದು, ಪಾಲಿಶ್ ಮಾಸಿದರೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಲ್ಲಿ ಉಜ್ಜುವ ಹಳೆಯ ಕ್ರಮ ಬಲ್ಲ ಬಡಗಿಗಳು ಇಂದಿಗೂ ಸಿಗುತ್ತಾರೆ. ಇದರ ದೌರ್ಬಲ್ಯವೂ ಅದರ ರಚನೆಯಲ್ಲೇ ಇದೆ. ಆಸನ ತಗ್ಗಿನಲ್ಲಿದ್ದು ಹಿಂದಕ್ಕೆ ಇಳಿಜಾರಾಗಿರುವುದರಿಂದ ಮಂಡಿನೋವಿನ ಹಿರಿಯರು ಕೂತರೆ ಏಳಿಸಲು ಇನ್ನೊಬ್ಬರು ಬೇಕು; ತೋಳು ಚಾಚಿದರೆ ಒಂದು ಕುರ್ಚಿ ಐದಡಿಗೂ ಹೆಚ್ಚು ಜಾಗ ಕೇಳುತ್ತದೆ. ಎರಡು ಬೆಡ್‌ರೂಮಿನ ಫ್ಲ್ಯಾಟಿನ ಹಾಲಿಗೆ ಜೋಡಿ ಬೇಡ, ಒಂದೇ ಸಾಕು ಎಂದು ಹೇಳಿ ಹಲವು ಅಂಗಡಿಯವರ ನಿಷ್ಠುರ ಕಟ್ಟಿಕೊಂಡಿದ್ದೇನೆ.

ಬೆತ್ತದಲ್ಲಿ ನೋಡಬೇಕಾದ ಗುಟ್ಟು ಆಸನದ ಚೌಕಟ್ಟಿನ ಅಂಚಿನಲ್ಲಿದೆ. ಅಂಚಿನ ಸುತ್ತ ಒಂದೊಂದಾಗಿ ಕೊರೆದ ತೂತುಗಳಿದ್ದು ಪ್ರತಿ ಎಳೆಯೂ ತೂತಿನಿಂದ ತೂತಿಗೆ ಹೋಗಿದ್ದರೆ ಅದು ಕೈಹೆಣಿಗೆ. ತೂತಿನ ಬದಲು ಒಂದು ತೋಡು ಇದ್ದು, ಯಂತ್ರದಲ್ಲಿ ಹೆಣೆದ ಬೆತ್ತದ ಹಾಳೆಯನ್ನು ಅದರೊಳಗೆ ಒತ್ತಿ ಮೇಲೊಂದು ಬೆತ್ತದ ದಾರ ಕೂರಿಸಿದ್ದರೆ, ಕುರ್ಚಿ ಬಹುಶಃ 20ನೆಯ ಶತಮಾನದ್ದು, ಇಲ್ಲವೇ ಅಗ್ಗದ ದುರಸ್ತಿ ಆಗಿರಬೇಕು. ಹಳೆಯ ತೂತುಗಳನ್ನು ಮುಚ್ಚಿ ತೋಡು ಕೊರೆದಿರುವುದು ಕಂಡರೆ ಬೆಲೆ ಇಳಿಸಲು ಅದಕ್ಕಿಂತ ಒಳ್ಳೆಯ ಕಾರಣ ಬೇಡ. ಕೈಹೆಣಿಗೆಯ ಕುಶಲಿಗರು ಕಡಿಮೆಯಾಗುತ್ತಿದ್ದರೂ ಪೂರ್ತಿ ಮರೆಯಾಗಿಲ್ಲ. ದೃಷ್ಟಿಹೀನರ ತರಬೇತಿ ಕೇಂದ್ರಗಳಲ್ಲಿ ಈ ಕೆಲಸ ಕಲಿತು, ಸರ್ಕಾರಿ ಕಚೇರಿಗಳ ಕುರ್ಚಿಗಳನ್ನು ಬೆರಳ ತುದಿಯ ಲೆಕ್ಕದಲ್ಲೇ ಹೆಣೆಯುತ್ತಿದ್ದವರು ಎಷ್ಟೋ ಮಂದಿ.

ಇದೇ ವರ್ಗಕ್ಕೆ ಸೇರಿಸಬೇಕಾದ ಇನ್ನೊಂದು ಸಾಮಾನು ದಂಡಿನ ಅಧಿಕಾರಿಗಳ ಕ್ಯಾಂಪೇನ್ ಪೆಟ್ಟಿಗೆ. ಹೊರಗೆ ಚಾಚಿಕೊಂಡ ಒಂದೇ ಒಂದು ಭಾಗವೂ ಅದರಲ್ಲಿರುವುದಿಲ್ಲ: ಹಿಡಿಗಳು ಮರದೊಳಗೆ ಹುದುಗಿರುತ್ತವೆ, ಮೂಲೆಗಳಿಗೆ ಹಿತ್ತಾಳೆಯ ಕಟ್ಟು, ಕಾಲುಗಳನ್ನು ತಿರುಗಿಸಿ ಬಿಚ್ಚಬಹುದು, ನಾಲ್ಕೈದು ಖಾನೆಗಳ ಬೀರು ಅಡ್ಡಲಾಗಿ ಎರಡು ತುಂಡಾಗುತ್ತದೆ. ಎತ್ತಿನ ಗಾಡಿಗೆ ಹೇರಿ ಊರೂರು ಸಾಗಿಸಲು ಹಾಗೆ ಮಾಡಿದ್ದು, ಇಂದು ಲಿಫ್ಟಿಗೂ ಅದೇ ಅನುಕೂಲ. ಸಣ್ಣ ಮನೆಯವರಿಗೆ, ಬಾಡಿಗೆ ಮನೆ ಬದಲಿಸುತ್ತಿರುವವರಿಗೆ ಇದಕ್ಕಿಂತ ಹೊಂದುವ ಹಳೆಯ ಸಾಮಾನು ನಾನು ಕಂಡಿಲ್ಲ. ಎಚ್ಚರವಿರಬೇಕಾದದ್ದು ಒಂದೇ ಕಡೆ. ಸಾಧಾರಣ ಹಳೆಯ ಬೀರುವಿಗೆ ಹೊಸ ಹಿತ್ತಾಳೆ ಮೂಲೆ ಬಡಿದು ಕ್ಯಾಂಪೇನ್ ಎಂದು ಮಾರುವುದುಂಟು. ಅಸಲಿಯಲ್ಲಿ ಹಿತ್ತಾಳೆಯು ಮರದ ಮಟ್ಟಕ್ಕೆ ಸಮನಾಗಿ ಕೂತಿರುತ್ತದೆ, ಉಗುರು ಆಡಿಸಿದರೆ ಅಂಚು ತಡೆಯುವುದಿಲ್ಲ.

ದಂತದ ವಿಷಯ

ವಿಶಾಖಪಟ್ಟಣದಲ್ಲಿ 18ನೆಯ ಶತಮಾನದಲ್ಲಿ ಅರಳಿದ ಕೆಲಸ ಸೌಂದರ್ಯದಲ್ಲಿ ಇವೆಲ್ಲವನ್ನೂ ಮೀರಿಸುತ್ತದೆ. ಬೀಟೆ ಅಥವಾ ಕರಿಮರದಲ್ಲಿ ದಂತದ ತೆಳು ತುಂಡುಗಳನ್ನು ಕೂರಿಸಿ, ಅವುಗಳ ಮೇಲೆ ಬಳ್ಳಿ ಹೂಗಳನ್ನು ಗೀರಿ, ಗೀರಿನೊಳಗೆ ಕಪ್ಪು ಅರಗನ್ನು ತುಂಬಿದ ಕುಸುರಿ ಅದು. ಕೋರಮಂಡಲದ ಚಿತ್ತಾರದ ಬಟ್ಟೆಗಳ ಅಂಚೇ ಮರಕ್ಕೆ ಬಂದಂತಿರುತ್ತದೆ. ನಮ್ಮಲ್ಲಿ ಮೈಸೂರು ಅರಮನೆಯ ಅಂಬಾವಿಲಾಸಕ್ಕೆ ಹೋಗುವ ಬೀಟೆಯ ಬಾಗಿಲುಗಳ ದಂತದ ಕುಸುರಿಯನ್ನು ಕಂಡವರಿಗೆ ಈ ಮಾತು ಹೆಚ್ಚು ವಿವರಿಸಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೂ ನನ್ನ ಸಲಹೆ ಒಂದೇ: ಭಾರತದಲ್ಲಿ ಇದನ್ನು ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು ನಿಷೇಧಿಸಿತು, 1991ರ ತಿದ್ದುಪಡಿ ಆಫ್ರಿಕದಿಂದ ತಂದ ದಂತವನ್ನೂ ಅದರೊಳಗೆ ಸೇರಿಸಿತು. ‘ಇನ್ನೂರು ವರ್ಷದ್ದು, ಕಾಯ್ದೆಗೆ ಮುಂಚಿನದು’ ಎಂಬ ಅಂಗಡಿಯ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ. ಮನೆತನದಲ್ಲಿ ಮೊದಲಿಂದ ಇದ್ದು ಮಾಲೀಕತ್ವದ ಪ್ರಮಾಣಪತ್ರ ಪಡೆದದ್ದಾದರೆ ವಾರಸಿಕೆಯಾಗಿ ಇಟ್ಟುಕೊಳ್ಳಬಹುದು, ಮಾರುವಂತಿಲ್ಲ. ಅಂಗಡಿಯವರು ‘ಇದು ದಂತವಲ್ಲ, ಮೂಳೆ’ ಎಂದರೆ ಭೂತಗನ್ನಡಿ ಹಿಡಿದು ನೋಡಿ: ಮೂಳೆಯಲ್ಲಿ ರಕ್ತನಾಳಗಳು ಹಾದ ಸಣ್ಣ ಕಪ್ಪು ಚುಕ್ಕಿಗಳೋ ಗೀಟುಗಳೋ ಕಾಣುತ್ತವೆ, ಆನೆದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ದಾಟುವ ನವಿರಾದ ಗೆರೆಗಳ ಬಲೆ ಇರುತ್ತದೆ. ಎರಡೂ ಕಾಣದೆ ನುಣ್ಣಗಿದ್ದರೆ ಪ್ಲಾಸ್ಟಿಕ್ ಇರಬಹುದು.

ಇನ್ನೊಂದು ಎಚ್ಚರಿಕೆ ನಮ್ಮ ನಾಡಿಗೆ ವಿಶೇಷವಾದದ್ದು. ‘ಟಿಪ್ಪುವಿನ ಅರಮನೆಯದು’ ಎಂಬ ಮಾತಿನಿಂದ ಬೆಲೆ ಹತ್ತುಪಟ್ಟಾಗುತ್ತದೆ, ಮತ್ತು ಇದು ಇಂದಿನ ಚಟವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲಂಡನ್ನಿನಲ್ಲಿ ಎಷ್ಟೋ ದಂತದ ಕುರ್ಚಿಗಳಿಗೆ ಈ ಹೆಸರು ಅಂಟಿಕೊಂಡಿತು. ಅಲ್ಲಿನ ಸರ್ ಜಾನ್ ಸೋನ್ ಮ್ಯೂಸಿಯಮ್ಮಿನ ದಂತದ ಪೀಠೋಪಕರಣಗಳಿಗೂ ಅದೇ ಕಥೆಯಿದೆ. ಅಂಥ ಕೆಲಸವನ್ನು ವಿದ್ವಾಂಸರು ಗುರುತಿಸುವುದು ಬಂಗಾಳದ ಮುರ್ಷಿದಾಬಾದಿಗೆ.

ದಂತದ ಕುಸುರಿಯ ಸೊಗಸೇ ಬೇಕೆನ್ನುವವರಿಗೆ ಮೈಸೂರಿನ ಇಂದಿನ ಬೀಟೆ ಕುಸುರಿ ಇದೆ. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ, ದಂತದ ಜಾಗದಲ್ಲಿ ಬೇರೆ ಬೇರೆ ಬಣ್ಣದ ಮರಗಳೂ ಅಕ್ರಿಲಿಕ್ಕೂ ಬಂದಿವೆ. ಮರಗಳನ್ನೇ ಕೂಡಿಸಿದ್ದನ್ನು ಆರಿಸಿ, ಹತ್ತು ವರ್ಷದ ಮೇಲೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ.

ಬಣ್ಣದ ಸಾಮಾನು

‘ಪೇಂಟೆಡ್ ಆಂಗ್ಲೋ-ಇಂಡಿಯನ್’ ಎಂದು ಮಾರುವುದರಲ್ಲಿ ಮೂರು ಜಾತಿಗಳಿವೆ. ಹುಟ್ಟುವಾಗಲೇ ಚಿತ್ತಾರ ಹೊತ್ತು ಬಂದದ್ದು ಒಂದು. ಸಾದಾ ತೇಗವಾಗಿ ಹುಟ್ಟಿ, ಆಮೇಲೆ ಯಾವುದೋ ಕಚೇರಿಯ ಹಸಿರನ್ನೋ ಬೂದುಬಣ್ಣವನ್ನೋ ಹಲವು ಪದರ ಬಳಿಸಿಕೊಂಡದ್ದು ಎರಡನೆಯದು. ಹಳೆಯ ಪೆಟ್ಟಿಗೆಗೆ ಕಳೆದ ವರ್ಷವಷ್ಟೇ ನವಿಲನ್ನೂ ಆನೆಯನ್ನೂ ಬರೆದು, ಉಪ್ಪುಕಾಗದದಲ್ಲಿ ಉಜ್ಜಿ ಮಾಸಿದಂತೆ ಮಾಡಿದ್ದು ಮೂರನೆಯದು. ಅಂಗಡಿಗಳಲ್ಲಿ ತುಂಬಿರುವುದು ಈ ಮೂರನೆಯ ಜಾತಿ.

ಮೊದಲನೆಯದನ್ನು ಮೂರನೆಯದರಿಂದ ಬೇರ್ಪಡಿಸಲು ಸವೆತವನ್ನು ಓದಬೇಕು. ನಿಜವಾಗಿ ಬಳಸಿದ ಪೆಟ್ಟಿಗೆಯಲ್ಲಿ ಬಣ್ಣ ಹೋಗಿರುವುದು ಕೈ ಹಿಡಿದ ಜಾಗದಲ್ಲಿ, ಬೀಗದ ಸುತ್ತ, ಎಳೆದಾಡಿದಾಗ ನೆಲಕ್ಕೆ ತಾಕುವ ಅಂಚಿನಲ್ಲಿ. ಯಾರ ಕೈಯೂ ಹೋಗದ ಹಿಂಬದಿಯ ಮೂಲೆಯಲ್ಲಿ ಬಣ್ಣ ಗಾಢವಾಗಿಯೇ ಉಳಿದಿರುತ್ತದೆ. ಉಪ್ಪುಕಾಗದದ ಸವೆತ ಎಲ್ಲೆಡೆಯೂ ಒಂದೇ ಸಮ. ಮರದ ಬಿರುಕನ್ನೂ ನೋಡಿ: ಬಣ್ಣ ಹಳೆಯದಾದರೆ ಬಿರುಕು ಬಣ್ಣವನ್ನೂ ಸೀಳಿಕೊಂಡು ಹೋಗಿರುತ್ತದೆ, ಹೊಸದಾದರೆ ಬಣ್ಣ ಬಿರುಕಿನೊಳಕ್ಕೆ ಇಳಿದಿರುತ್ತದೆ. ಕಣ್ಣು ಕೋರೈಸುವ ಟೈಟೇನಿಯಂ ಬಿಳಿ 1920ರ ದಶಕದ ಸುಮಾರಿಗಷ್ಟೇ ಬಳಕೆಗೆ ಬಂದ ಬಣ್ಣ; ಅದು ಮೂಲ ಚಿತ್ತಾರದಲ್ಲೇ ಇದ್ದರೆ 19ನೆಯ ಶತಮಾನದ ಮಾತು ಅಲ್ಲಿಗೇ ಮುಗಿಯಿತು.

ಬಣ್ಣದ ಸಾಮಾನಿನ ದೊಡ್ಡ ಕಷ್ಟವೆಂದರೆ ಅದಕ್ಕೆ ದುರಸ್ತಿಯೇ ಶತ್ರು. ಮರದ ಕುರ್ಚಿಯ ಮೇಲ್ಮೈಯನ್ನು ಹೊಸದಾಗಿ ಪಾಲಿಶ್ ಮಾಡಿಸಿದರೂ ಕುರ್ಚಿ ಕುರ್ಚಿಯಾಗಿಯೇ ಉಳಿಯುತ್ತದೆ. ಚಿತ್ತಾರದ ಮೇಲೆ ಹೊಸ ಬಣ್ಣ ಕೂತರೆ ಕೊಂಡದ್ದೇ ಮಾಯವಾಗುತ್ತದೆ. ಆದ್ದರಿಂದ ಅರ್ಧ ಅಳಿಸಿದ್ದರೂ ಮುಟ್ಟದೆ ಬಿಟ್ಟದ್ದನ್ನು ಕೊಳ್ಳಿ, ‘ಟಚಪ್’ ಮಾಡಿದ್ದನ್ನು ಬಿಡಿ. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿಯೂ, ಮಲೆನಾಡು ಕರಾವಳಿಯ ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಗೆ ಒತ್ತಿಯೂ ಇದನ್ನು ಇಡುವಂತಿಲ್ಲ.

ಕಚೇರಿಯ ಹಸಿರು ಬಳಿದ ಎರಡನೆಯ ಜಾತಿಯನ್ನು ಜನ ಮೂಗು ಮುರಿದು ಬಿಟ್ಟುಹೋಗುತ್ತಾರೆ, ಆದರೆ ಕಡಿಮೆ ಹಣದವರು ಹುಡುಕಬೇಕಾದದ್ದು ಅದನ್ನೇ. ಬಣ್ಣದ ಕೆಳಗೆ ಒಳ್ಳೆಯ ತೇಗ ಮಲಗಿರುತ್ತದೆ. ಒಂದು ಮಾತು ಮಾತ್ರ ಮರೆಯಬಾರದು: ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸ ಧಾರಾಳವಾಗಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಅದನ್ನು ಒಣದಾಗಿ ಉಜ್ಜಿದರೆ ಏಳುವ ದೂಳು ಮಕ್ಕಳ ಮೈಗೆ ವಿಷ. ತೇವದಲ್ಲಿ ಕೆರೆಯುವ ಕೆಲಸವನ್ನು ಮನೆಯ ಹೊರಗೆ, ಬಡಗಿಯ ಕೊಟ್ಟಿಗೆಯಲ್ಲೇ ಮಾಡಿಸಿ.

ಇದೇ ಕಾರಣಕ್ಕೆ, ಹಳೆಯ ಬಣ್ಣದ ತೊಟ್ಟಿಲು ಕೊಂಡು ಮಗುವನ್ನು ಮಲಗಿಸಬೇಕೆಂದಿರುವವರಿಗೆ ನನ್ನ ಉತ್ತರ ಬೇಡವೆಂಬುದು. ಹಳೆಯದನ್ನು ಹಜಾರದಲ್ಲಿ ಇಟ್ಟು ನೋಡಿ, ಮಗುವಿಗೆ ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಹೊಸ ತೊಟ್ಟಿಲು ಮಾಡಿಸಿ. ಅರಗಿನ ಬಣ್ಣದಲ್ಲಿ ಪುರಾಣದ ಕಥೆಗಳನ್ನು ಬರೆಯುವ ಅಲ್ಲಿನ ತೊಟ್ಟಿಲಿಗೆ ಮುಂಗಡ ಹೇಳಿ ಕಾಯಬೇಕಾಗಬಹುದು, ಬಾಳಿಕೆ ಮಾತ್ರ ತಲೆಮಾರುಗಳದ್ದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರೂ, ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯಲ್ಲಿ ಗಂಜೀಫಾ ಎಂಬ ಹಳೆಯ ಇಸ್ಪೀಟಿನೆಲೆಗಳ ಚಿತ್ರಗಳನ್ನು ಮೇಜು ಪೀಠಗಳ ಮೇಲೆ ಬರೆಯುವವರೂ ಇದೇ ಸಾಲಿಗೆ ಸೇರುತ್ತಾರೆ. ಇವು ಯಾವುವೂ ಆಂಗ್ಲೋ-ಇಂಡಿಯನ್ ಅಲ್ಲ, ಆಂಟಿಕ್ಕೂ ಅಲ್ಲ. ಬಣ್ಣ ನಿಮ್ಮ ಮುಖ್ಯ ಆಸೆಯಾಗಿದ್ದರೆ, ನಕಲಿ ಹಳೆಯದಕ್ಕಿಂತ ಈ ಅಸಲಿ ಹೊಸದು ಮೇಲು.

ಹೊಸದಾಗಿ ಮಾಡಿದ ಹಳೆಯದು

ಜೋಧಪುರದ ಕಾರ್ಖಾನೆಗಳು ಮಾವು ಮತ್ತು ಶೀಶಮ್ಮಿನಲ್ಲಿ ಹಳೆಯ ನಮೂನೆಗಳನ್ನು ಮಾಡಿ ಜಗತ್ತಿಗೇ ಕಳಿಸುತ್ತವೆ. ಹೊಸದೆಂದು ಹೇಳಿ ಹೊಸದರ ಬೆಲೆಗೆ ಮಾರಿದರೆ ಅದರಲ್ಲಿ ತಪ್ಪೇನಿಲ್ಲ. ಮಕ್ಕಳು ಹತ್ತಿ ಕುಣಿಯುವ ಮನೆಗೆ ಅದೇ ಸರಿ. ಹಳೆಯ ಮನೆಯ ಬಾಗಿಲನ್ನು ಮಲಗಿಸಿ ಕಾಲು ಕೊಟ್ಟ ಟೀಪಾಯಿಗಳನ್ನೂ ಇದೇ ವರ್ಗದಲ್ಲಿಡಿ. ಮರ ಹಳೆಯದು, ಟೀಪಾಯಿ ಹೊಸದು.

ಯಾರಿಗೆ ಯಾವುದು

ಸ್ವಂತ ಮನೆ, ಎತ್ತರದ ಮಾಡು, ಕೈತುಂಬ ಹಣ, ಸ್ವಚ್ಛ ಮಾಡಲು ತಾಳ್ಮೆ ನಾಲ್ಕೂ ಇರುವವರು ಬ್ಲ್ಯಾಕ್‌ವುಡ್ಡಿಗೆ ಹೋಗಬಹುದು. ಆದರೆ ಸೋಫಾ ಸೆಟ್ಟಿಗಿಂತ ಒಂದು ದುಂಡು ಮೇಜು ಅಥವಾ ಹೂದಾನಿಯ ಪೀಠ ಲೇಸು, ಅದು ಬೆನ್ನಿಗೆ ಚುಚ್ಚುವುದಿಲ್ಲ. ನಡುಮಟ್ಟದ ಹಣವಿದ್ದು ದಿನವೂ ಬಳಸುವವರಿಗೆ ಒರಗು ಕುರ್ಚಿ. ಮನೆಯಲ್ಲಿ ಹಿರಿಯರಿದ್ದರೆ ಅದರ ಬದಲು ಎತ್ತರ ಸರಿಯಿರುವ ಬೆತ್ತದ ಕೈಕುರ್ಚಿ. ಸಣ್ಣ ಫ್ಲ್ಯಾಟಿಗೆ ಕ್ಯಾಂಪೇನ್ ಪೆಟ್ಟಿಗೆ. ಹಣ ಬಿಗಿಯಿದ್ದು ಕೈಯಲ್ಲಿ ಸಮಯವಿದ್ದವರಿಗೆ ಹಸಿರು ಬಣ್ಣದ ಕಚೇರಿ ಬೀರು. ಹುಡುಕುವ ಉತ್ಸಾಹವಿದ್ದರೆ ಕಾರೈಕುಡಿಯ ಮುನೀಶ್ವರನ್ ಕೋಯಿಲ್ ಬೀದಿ, ಕೊಚ್ಚಿಯ ಮಟ್ಟಾಂಚೇರಿ, ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಮೂರನ್ನೂ ಒಮ್ಮೆ ಬರಿಗೈಯಲ್ಲಿ ಸುತ್ತಿ ಬನ್ನಿ. ಕೊಳ್ಳುವುದು ಎರಡನೆಯ ಸಲಕ್ಕಿರಲಿ.

ಹೊರದೇಶದಲ್ಲಿರುವ ಕನ್ನಡಿಗರ ಲೆಕ್ಕವೇ ಬೇರೆ. 1972ರ ಪುರಾತತ್ವ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕುಶಲವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನೂರು ವರ್ಷ ಆಗಿಲ್ಲವೆಂದಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಹಾಗೆಂದು ಪ್ರಮಾಣಪತ್ರ ಪಡೆಯಬೇಕು. ಬೀಟೆಯ ಕುಲ 2017ರ ಜನವರಿಯಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿರುವುದರಿಂದ ಅದಕ್ಕೂ ಕಾಗದ ಬೇಕಾಗುತ್ತದೆ. ಇಷ್ಟೆಲ್ಲ ಒದ್ದಾಡುವ ಬದಲು ಲಂಡನ್ನಿನ ಹರಾಜುಗಳಲ್ಲಿ ಹುಡುಕುವುದು ಸುಲಭ, ಏಕೆಂದರೆ ಆಗಿನ ಅಧಿಕಾರಿಗಳು ಊರಿಗೆ ಮರಳುವಾಗ ಹೊತ್ತೊಯ್ದದ್ದು ಅಲ್ಲೇ ಕೈಬದಲಾಗುತ್ತಿದೆ. ದಂತವಿದ್ದರೆ 2022ರ ಜೂನಿನಿಂದ ಜಾರಿಯಲ್ಲಿರುವ ಬ್ರಿಟನ್ನಿನ ದಂತ ಕಾಯ್ದೆಯ ವಿನಾಯಿತಿಗೆ ಅದು ನೋಂದಣಿಯಾಗಿದೆಯೇ ಎಂದು ಮೊದಲು ಕೇಳಿ. ಚಳಿಗಾಲದಲ್ಲಿ ಹೀಟರ್ ಉರಿಯುವ ಮನೆಯ ಒಣಹವೆಯಲ್ಲಿ ಕುಸುರಿಯ ಸಾಮಾನು ಬಿಟ್ಟುಕೊಳ್ಳುತ್ತದೆ, ಅಗಲ ಹಲಗೆ ಸೀಳುತ್ತದೆ. ಅಲ್ಲಿಗೂ ಬೆತ್ತದ ಕುರ್ಚಿಯೇ ಹೆಚ್ಚು ಹೊಂದುತ್ತದೆ, ತಿಂಗಳಿಗೊಮ್ಮೆ ಬೆತ್ತದ ಅಡಿಭಾಗಕ್ಕೆ ಒದ್ದೆ ಬಟ್ಟೆ ಒತ್ತಿದರೆ ಎಳೆಗಳು ಸೆಟೆದು ಮುರಿಯುವುದಿಲ್ಲ.